ರೌಟರ್ ಹಳೆಯದು, ಒಳಗಿನ ಫರ್ಮ್‌ವೇರ್ ಹೊಸದು: ಓಪನ್‌ಡಬ್ಲ್ಯುಆರ್‌ಟಿ ಬಳಸಿದ ಮೇಲೆ

ರೌಟರ್ ಒಳಗೆ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್‌ಗೆ ಫರ್ಮ್‌ವೇರ್ ಅನ್ನುತ್ತಾರೆ. ಕಂಪನಿ ಕೊಟ್ಟಿದ್ದರ ಬದಲು ನಾವೇ ಹಾಕಿಕೊಳ್ಳಬಹುದಾದ, ಲಿನಕ್ಸ್ ಮೇಲೆ ಕಟ್ಟಿದ ಮುಕ್ತ ಫರ್ಮ್‌ವೇರ್ ಓಪನ್‌ಡಬ್ಲ್ಯುಆರ್‌ಟಿ. ಮೊದಲೇ ಹೇಳಿಬಿಡುತ್ತೇನೆ. ಓಪನ್‌ಡಬ್ಲ್ಯುಆರ್‌ಟಿ ಹಾಕಿದರೆ ನೆಟ್ ಸ್ಪೀಡ್ ಜಾಸ್ತಿ ಆಗುವುದಿಲ್ಲ. ನಿಮ್ಮದು 40 ಎಂಬಿಪಿಎಸ್ ಪ್ಯಾಕ್ ಆದರೆ ಬರುವುದು 40 ಅಷ್ಟೇ. ಯೂಟ್ಯೂಬ್‌ನಲ್ಲಿ ಯಾರೋ "ಡಬಲ್ ಸ್ಪೀಡ್" ಅಂತ ತೋರಿಸಿದ್ದನ್ನು ನೋಡಿ ಬಂದಿದ್ದರೆ ಇಲ್ಲೇ ನಿಲ್ಲಿಸಬಹುದು. ಬದಲಾಗುವ ಸಂಗತಿಗಳು ಬೇರೆ. ಒಬ್ಬರು ವಿಡಿಯೋ ಅಪ್‌ಲೋಡ್ ಮಾಡುವಾಗ ಇನ್ನೊಬ್ಬರ ಕಾಲ್ ಕಡಿಯುವುದಿಲ್ಲ. ಕಂಪನಿ ಯಾವತ್ತೋ ಕೈಬಿಟ್ಟ ರೌಟರ್‌ಗೆ ಈಗಲೂ ಅಪ್‌ಡೇಟ್ ಬರುತ್ತದೆ. ಜೊತೆಗೆ ಇನ್ನೊಂದು: ಮನೆಯಲ್ಲಿ ನೆಟ್‌ಗೆ ಏನೇ ಆದರೂ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಈ ಮೂರನೆಯದನ್ನು ಯಾರೂ ವಿಡಿಯೋದಲ್ಲಿ ಹೇಳುವುದಿಲ್ಲ.

ನಮ್ಮದು ಬಾಗಲಕೋಟೆಯ ನವನಗರ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿದ ಮೇಲೆ ಸೆಕ್ಟರ್ ಲೆಕ್ಕದಲ್ಲಿ ಕಟ್ಟಿದ ಊರು. ಆರ್‌ಸಿಸಿ ಮನೆ, ಕೆಳಗೆ ನಾವು, ಮೇಲೆ ತಂಗಿ ಮನೆಯವರು, ಎರಡಕ್ಕೂ ಒಂದೇ ಕನೆಕ್ಷನ್. ಸ್ಥಳೀಯ ಕೇಬಲ್‌ನವರ ಫೈಬರ್. ಅವರು ಕೊಟ್ಟ ಫೈಬರ್ ಡಬ್ಬಿಗೆ ನಾವು ಕೈ ಹಾಕುವ ಹಾಗಿಲ್ಲ, ಅದು ಅವರ ಸ್ವತ್ತು. ಅದನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಲೈನನ್ನು ಹಾಗೇ ದಾಟಿಸುವ ಹಾಗೆ) ಹಾಕಿಸಿಕೊಂಡು, ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಪಡೆದು, ಹಿಂದೆ ನನ್ನ ಸ್ವಂತ ರೌಟರ್ ಇಟ್ಟಿದ್ದೇನೆ. ಮೀಡಿಯಾಟೆಕ್ ಎಂಟಿ7621 ಚಿಪ್, 16 ಎಂಬಿ ಫ್ಲಾಶ್ (ಫರ್ಮ್‌ವೇರ್ ಉಳಿದಿರುವ ಜಾಗ), 128 ಎಂಬಿ ರ್ಯಾಮ್. ಬ್ರ್ಯಾಂಡ್ ಹೆಸರು ಬೇಡ, ಯಾಕಂದ್ರೆ ಮುಂದೆ ಅದರ ಬಗ್ಗೆ ಸ್ವಲ್ಪ ಬೈಗುಳ ಇದೆ. ಓಪನ್‌ಡಬ್ಲ್ಯುಆರ್‌ಟಿಯ 19.07 ಆವೃತ್ತಿ ಸರಣಿಯಲ್ಲಿ ಶುರು ಮಾಡಿದ್ದು, ಈಗ 24.10ರಲ್ಲಿ ಇದ್ದೇನೆ.

ಬೈಗುಳ ಇದು. ರೌಟರ್ ತಂದ ಮೇಲೆ ಕಂಪನಿ ಒಂದೆರಡು ಅಪ್‌ಡೇಟ್ ಕೊಟ್ಟು ಸುಮ್ಮನಾಯಿತು. ವಾರಕ್ಕೊಮ್ಮೆ ಹ್ಯಾಂಗ್ ಆಗುತ್ತಿತ್ತು, ಸ್ವಿಚ್ ಆಫ್ ಮಾಡಿ ಆನ್ ಮಾಡಬೇಕು. ಅದನ್ನೂ ಸಹಿಸಿಕೊಂಡಿದ್ದೆ. 2021ರ ಜನವರಿಯಲ್ಲಿ ಡಿಎನ್‌ಎಸ್‌ಪೂಕ್ ಅನ್ನುವ ದೋಷಗಳ ಗುಂಪು ಹೊರಗೆ ಬಂತು. ವೆಬ್‌ಸೈಟ್ ಹೆಸರಿಗೆ ನೆಟ್ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಮಾಸ್ಕ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ, ಮನೆಯ ರೌಟರ್‌ಗಳಲ್ಲಿ ಬಹಳಷ್ಟರಲ್ಲಿ ಅದೇ ಕೂತಿರುತ್ತದೆ. ದೋಷ ಅದರಲ್ಲೇ. ನೀವು ಬ್ಯಾಂಕಿನ ವಿಳಾಸ ಕೇಳಿದರೆ ಕಳ್ಳನ ವಿಳಾಸ ಕೊಡುವಂತೆ ಅದನ್ನು ಏಮಾರಿಸಬಹುದಿತ್ತು. ಓಪನ್‌ಡಬ್ಲ್ಯುಆರ್‌ಟಿಯವರು ಅದೇ ತಿಂಗಳು ಸರಿಪಡಿಸಿದ ಆವೃತ್ತಿ ಬಿಟ್ಟರು. ನನ್ನ ರೌಟರ್ ಕಂಪನಿಯಿಂದ ಅದಕ್ಕೆ ಏನೂ ಬರಲಿಲ್ಲ. ಡಬ್ಬಿಯ ಮೇಲೆ "ಅಡ್ವಾನ್ಸ್‌ಡ್ ಸೆಕ್ಯೂರಿಟಿ" ಅಂತ ದಪ್ಪಕ್ಷರದಲ್ಲಿ ಬರೆದಿತ್ತು ನೋಡಿ.

ಇದರ ಹುಟ್ಟಿನ ಕಥೆ ಚಿಕ್ಕದು. ಲಿಂಕ್‌ಸಿಸ್ ಕಂಪನಿ 2002ರ ಕೊನೆಗೆ ಡಬ್ಲ್ಯುಆರ್‌ಟಿ54ಜಿ ಅನ್ನುವ ನೀಲಿ-ಕಪ್ಪು ರೌಟರ್ ತಂದಿತು. ಒಳಗೆ ಲಿನಕ್ಸ್ ಇದೆ ಅಂತ ಜನ ಪತ್ತೆ ಹಚ್ಚಿದರು. ಲಿನಕ್ಸ್‌ನ ಜಿಪಿಎಲ್ ಲೈಸೆನ್ಸ್ ಪ್ರಕಾರ ಸೋರ್ಸ್ ಕೋಡ್ ಕೊಡಲೇಬೇಕಾಯಿತು, 2003ರಲ್ಲಿ ಕೊಟ್ಟರು. ಅದನ್ನು ಹಿಡಿದುಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಹೆಸರಿನ ಕೊನೆಯ ಮೂರಕ್ಷರ ಆ ರೌಟರಿನದೇ. 2016ರಲ್ಲಿ ಕೆಲಸ ಮಾಡುವವರೇ ಜಗಳವಾಡಿ ಲೀಡ್ ಅಂತ ಬೇರೆ ಮನೆ ಮಾಡಿದರು, 2018ರ ಜನವರಿಯಲ್ಲಿ ಮತ್ತೆ ಒಂದಾದರು. ಆಮೇಲೆ ಬಿಡುಗಡೆಗಳು ಒಂದು ಹದಕ್ಕೆ ಬಂದಿವೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ರೌಟರನ್ನು ತಿರುಗಿಸಿ ಕೆಳಗಿನ ಲೇಬಲ್ ಓದಿ. ಮಾಡೆಲ್ ಹೆಸರು ಸಾಲದು, ಅದರ ಪಕ್ಕ "ವರ್ಷನ್" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮ ಕಡೆ ಅರ್ಧ ಅಂಗಡಿಗಳಲ್ಲಿ ಕಾಣುವ ಎರಡು ಆಂಟೆನಾದ ಬಿಳಿ ಟಿಪಿ-ಲಿಂಕ್ 841ಎನ್ ತಗೊಳ್ಳಿ. ಅದರ 13ನೇ ವರ್ಷನ್‌ನಲ್ಲಿ 8 ಎಂಬಿ ಫ್ಲಾಶ್, 64 ಎಂಬಿ ರ್ಯಾಮ್. 14ನೇ ವರ್ಷನ್‌ನಲ್ಲಿ 4 ಎಂಬಿ, 32 ಎಂಬಿ. ಹೊರಗಿನಿಂದ ಅಣ್ಣ ತಮ್ಮಂದಿರು. ಹೊಸದು ಅಂದರೆ ಚೆನ್ನಾಗಿರಬೇಕು ಅಲ್ವಾ? ಇಲ್ಲ, ಹೊಸದರಲ್ಲಿ ಮೆಮೊರಿ ಅರ್ಧ. 4 ಎಂಬಿ ಫ್ಲಾಶ್, 32 ಎಂಬಿ ರ್ಯಾಮ್ ಇರುವ ಸಾಧನಗಳಿಗೆ 19.07ರ ಆಚೆ ದಾರಿ ಇಲ್ಲ. ಯೋಜನೆಯವರೇ ಕನಿಷ್ಠ 8 ಮತ್ತು 64 ಬೇಕು ಅನ್ನುತ್ತಾರೆ. ನಾನು ಹೇಳುವುದು 16 ಮತ್ತು 128. ಚಿಪ್ ಮೀಡಿಯಾಟೆಕ್ ಅಥವಾ ಕ್ವಾಲ್ಕಾಮ್‌ನ ಹಳೆಯ ಅಥೆರಾಸ್ ಆಗಿರಲಿ. ಬ್ರಾಡ್‌ಕಾಮ್ ವೈಫೈ ಇದ್ದರೆ ಬಿಟ್ಟುಬಿಡಿ, ಅದರ ಡ್ರೈವರ್ ಮುಚ್ಚಿಟ್ಟ ಗಂಟು.

ಹಾಕುವ ಕೆಲಸ ಅಷ್ಟು ದೊಡ್ಡದಲ್ಲ. ಬಹಳಷ್ಟು ಮಾಡೆಲ್‌ಗಳಿಗೆ ಕಂಪನಿಯ ಅಪ್‌ಡೇಟ್ ಪುಟದಲ್ಲೇ ಫೈಲ್ ಕೊಟ್ಟರೆ ಆಯಿತು. ಲ್ಯಾನ್ ಕೇಬಲ್ ಹಾಕಿಯೇ ಮಾಡಿ, ವೈಫೈ ಮೇಲೆ ಬೇಡ. ಇನ್ವರ್ಟರ್ ಇರುವ ಸ್ವಿಚ್‌ಗೆ ಹಾಕಿ, ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ರೌಟರ್ ಇಟ್ಟಿಗೆ. ರೀಬೂಟ್ ಆದ ಮೇಲೆ ವೈಫೈ ಕಾಣುವುದಿಲ್ಲ, ಗಾಬರಿ ಬೇಡ. ಬೇಕಂತಲೇ ಆಫ್ ಇಟ್ಟಿರುತ್ತಾರೆ, ಪಾಸ್‌ವರ್ಡ್ ಕೂಡ ಇರುವುದಿಲ್ಲ. 192.168.1.1ಕ್ಕೆ ಹೋಗಿ, ಮೊದಲು ಪಾಸ್‌ವರ್ಡ್ ಹಾಕಿ, ಆಮೇಲೆ ವೈಫೈ ಆನ್ ಮಾಡಿ, ದೇಶ ಅನ್ನುವಲ್ಲಿ ಇಂಡಿಯಾ ಆರಿಸಿ. ಕೆಲವರು "ಪವರ್ ಜಾಸ್ತಿ ಸಿಗುತ್ತದೆ" ಅಂತ ಬೇರೆ ದೇಶ ಹಾಕುತ್ತಾರೆ. ಅದು ಕಾನೂನಿಗೂ ವಿರುದ್ಧ, ಉಪಯೋಗವೂ ಕಡಿಮೆ. ರೌಟರ್ ಕೂಗಿದರೇನು, ಮೇಲಿನ ಮಹಡಿಯ ಮೊಬೈಲ್ ತಿರುಗಿ ಅಷ್ಟೇ ಜೋರಾಗಿ ಕೂಗಬೇಕಲ್ಲ? ನಮ್ಮಲ್ಲಿ 2018ರಿಂದ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ ಲೈಸೆನ್ಸ್ ಇಲ್ಲದೆ ಬಳಸಲು ಮುಕ್ತವಾಗಿದೆ, ಅಷ್ಟು ಸಾಕು.

ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ ನನ್ನ ಉತ್ತರ ಒಂದೇ: ಎಸ್‌ಕ್ಯುಎಂ, ಅಂದರೆ ಪ್ಯಾಕೆಟ್‌ಗಳ ಸಾಲನ್ನು ಜಾಣತನದಿಂದ ನಿಭಾಯಿಸುವ ವ್ಯವಸ್ಥೆ.

ನಮ್ಮ ಮನೆಯಾಕೆ ಸಂಜೆ ಆನ್‌ಲೈನ್ ಟ್ಯೂಷನ್ ತಗೋತಾಳೆ. ಅದೇ ಹೊತ್ತಿಗೆ ಮೇಲೆ ತಂಗಿ ತನ್ನ ಅಡುಗೆ ವಿಡಿಯೋ ಅಪ್‌ಲೋಡ್‌ಗೆ ಹಾಕಿದರೆ, ಆಚೆ ಕಡೆಯ ಟ್ಯೂಷನ್ ಮಕ್ಕಳಿಗೆ ಟೀಚರ್ ಧ್ವನಿ ತುಂಡು ತುಂಡು. ಸ್ಪೀಡ್ ಟೆಸ್ಟ್ ಮಾಡಿದರೆ ಎಲ್ಲ ಸರಿ. ಲ್ಯಾಪ್‌ಟಾಪ್‌ನಲ್ಲಿ ಪಿಂಗ್ (ಪ್ಯಾಕೆಟ್ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆಯುವುದು) ಹಚ್ಚಿ ಕೂತೆ. ಲೈನ್ ಖಾಲಿ ಇದ್ದಾಗ 12, 13, 12 ಮಿಲಿಸೆಕೆಂಡ್. ಮೇಲಿನಿಂದ ಅಪ್‌ಲೋಡ್ ಶುರುವಾದ ತಕ್ಷಣ 90, 240, 410, ಹೀಗೆ ಏರುತ್ತಾ ಹೋಯಿತು. ಅಪ್‌ಲೋಡ್ ನಿಲ್ಲಿಸಿದರೆ ಮತ್ತೆ 12.

ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಜಿಮ್ ಗೆಟ್ಟಿಸ್, ಡೇವ್ ಟಾಟ್ ಮೊದಲಾದವರು ಇದರ ಹಿಂದೆ ಬಿದ್ದು ವರ್ಷಗಟ್ಟಲೆ ಕೆಲಸ ಮಾಡಿದರು. ಕಾರಣ ಸರಳ. ನೆಟ್‌ನಲ್ಲಿ ಡೇಟಾ ಹೋಗುವುದು ಪ್ಯಾಕೆಟ್ ಅನ್ನುವ ಚಿಕ್ಕ ಚಿಕ್ಕ ತುಂಡುಗಳಲ್ಲಿ. ಫೈಬರ್ ಡಬ್ಬಿಯಲ್ಲಿ ಅವನ್ನು ಕಾಯಿಸಿ ಇಡುವ ಜಾಗ (ಬಫರ್) ದೊಡ್ಡದು. ಅಪ್‌ಲೋಡ್‌ನ ಪ್ಯಾಕೆಟ್‌ಗಳು ಬಂದು ಅದನ್ನು ತುಂಬಿಬಿಡುತ್ತವೆ. ಟೀಚರ್ ಧ್ವನಿಯ ಪುಟ್ಟ ಪ್ಯಾಕೆಟ್ ಅವುಗಳ ಹಿಂದೆ. ಸೀಸನ್‌ನಲ್ಲಿ ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲಿನ ಹಿಂದೆ ಸಿಕ್ಕಿಕೊಂಡ ಬೈಕಿನ ಹಾಗೆ.

ಎಸ್‌ಕ್ಯುಎಂ ಪ್ಯಾಕೇಜ್ ಹಾಕಿ, ಕ್ಯೂ ವಿಧಾನ ಕೇಕ್ ಅಂತ ಆರಿಸಿ. ಕೇಕ್ 2018ರಲ್ಲಿ ಲಿನಕ್ಸ್ 4.19 ಕರ್ನೆಲ್‌ಗೆ ಸೇರಿತು. ಮಿತಿಯನ್ನು ನಿಮ್ಮ ಅಸಲಿ ಸ್ಪೀಡ್‌ನ ಶೇ. 90ಕ್ಕೆ ಇಡಿ. ನನ್ನದು 40, ಹಾಗಾಗಿ ಎರಡೂ ಕಡೆ 36,000 ಕೆಬಿಪಿಎಸ್. ಓವರ್‌ಹೆಡ್ (ಪ್ರತಿ ಪ್ಯಾಕೆಟ್‌ಗೆ ಅಂಟಿ ಬರುವ ಹೆಚ್ಚುವರಿ ಬೈಟ್‌ಗಳ ಲೆಕ್ಕ) 44. ಹೀಗೆ ಮಾಡಿದರೆ ಸಾಲು ಅವರ ಡಬ್ಬಿಯಲ್ಲಿ ಕಟ್ಟುವುದಿಲ್ಲ, ನಮ್ಮ ರೌಟರ್‌ನಲ್ಲಿ ಕಟ್ಟುತ್ತದೆ. ನಮ್ಮ ರೌಟರ್‌ಗೆ ಯಾರನ್ನು ಮುಂದೆ ಬಿಡಬೇಕು ಅಂತ ಗೊತ್ತು. ಈಗ ಮೇಲೆ ಅಪ್‌ಲೋಡ್ ನಡೆಯುತ್ತಿರುವಾಗಲೂ ಪಿಂಗ್ 15ರಿಂದ 25ರ ನಡುವೆ ಇರುತ್ತದೆ. ಶೇ. 10ರಷ್ಟು ಸ್ಪೀಡ್ ಬಿಟ್ಟುಕೊಟ್ಟು ಮನೆಯ ಶಾಂತಿ ಕೊಂಡಿದ್ದೇನೆ. ಅಗ್ಗದ ವ್ಯಾಪಾರ.

ಒಂದು ಎಚ್ಚರಿಕೆ. ಇದೇ ಚಿಪ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಅಂತ ಇನ್ನೊಂದು ಸೌಲಭ್ಯ ಇದೆ. ಅದು ಪ್ಯಾಕೆಟ್‌ಗಳನ್ನು ಸಿಪಿಯು ಮುಟ್ಟದೆ ದಾಟಿಸುತ್ತದೆ, ಹಾಗಾಗಿ ಕೇಕ್‌ಗೆ ಅವು ಕಾಣುವುದೇ ಇಲ್ಲ. ಎರಡರಲ್ಲಿ ಒಂದು ಆರಿಸಬೇಕು. 40ರ ಪ್ಯಾಕ್‌ಗೆ ಕೇಕ್ ಹಾಕಿದರೆ ಸಿಪಿಯುಗೆ ಗೊತ್ತೂ ಆಗುವುದಿಲ್ಲ. 500ರ ಪ್ಯಾಕ್ ಇದ್ದರೆ ಈ ಹಳೆಯ ಚಿಪ್ ಏದುಸಿರು ಬಿಡುತ್ತದೆ. ಆಗ ಬೇರೆ ರೌಟರ್ ನೋಡಿ.

ಇನ್ನು ಸ್ವಂತ ಇಮೇಜ್, ಅಂದರೆ ರೌಟರ್‌ಗೆ ಹಾಕುವ ಫರ್ಮ್‌ವೇರ್ ಫೈಲ್ ಮಾಡುವ ಮಾತು. ಬಹಳ ಜನ ರೆಡಿ ಫೈಲ್ ಹಾಕಿ ನಿಲ್ಲಿಸುತ್ತಾರೆ. ಆದರೆ ನನಗೆ ಇದರ ನಿಜವಾದ ರುಚಿ ಹತ್ತಿದ್ದು ಇಲ್ಲಿ. ಮೊದಲ ಮೆಟ್ಟಿಲು ಇಮೇಜ್ ಬಿಲ್ಡರ್. ಇದರಲ್ಲಿ ಕಂಪೈಲ್ (ಸೋರ್ಸ್ ಕೋಡ್‌ನಿಂದ ಪ್ರೋಗ್ರಾಂ ಕಟ್ಟುವುದು) ಇಲ್ಲ. ಅವರು ಕಟ್ಟಿಟ್ಟ ಪ್ಯಾಕೇಜ್‌ಗಳಲ್ಲಿ ನಿಮಗೆ ಬೇಕಾದವನ್ನು ಪಟ್ಟಿ ಕೊಟ್ಟು, ಬೇಡವಾದವುಗಳ ಮುಂದೆ ಮೈನಸ್ ಚಿಹ್ನೆ ಹಾಕಿದರೆ, ನಿಮ್ಮ ರೌಟರ್‌ಗೆ ಒಂದೇ ಫೈಲ್ ಬರುತ್ತದೆ. ಇದರ ಲಾಭ ಏನು? ರೌಟರ್ ಓಡುವಾಗ ಒಂದೊಂದೇ ಪ್ಯಾಕೇಜ್ ಹಾಕಿದರೆ ಅವು ಉಳಿದ ಚೂರು ಜಾಗದಲ್ಲಿ ಕೂರುತ್ತವೆ. ಮೊದಲೇ ಇಮೇಜ್‌ಗೆ ಸೇರಿಸಿದರೆ ಸ್ಕ್ವಾಶ್‌ಎಫ್‌ಎಸ್ ಅನ್ನುವ ಕುಗ್ಗಿಸಿದ ಫೈಲ್ ವ್ಯವಸ್ಥೆಯಲ್ಲಿ ಬಿಗಿಯಾಗಿ ಒತ್ತಿ ಕೂರುತ್ತವೆ. 16 ಎಂಬಿಯಲ್ಲಿ ಇದು ದೊಡ್ಡ ವಿಷಯ. ಜಾಹೀರಾತು ತಡೆಯುವ ಅಡ್‌ಬ್ಲಾಕ್, ಎಸ್‌ಕ್ಯುಎಂ, ದೂರದಿಂದ ಸುರಕ್ಷಿತ ದಾರಿ ಮಾಡುವ ವೈರ್‌ಗಾರ್ಡ್ ವಿಪಿಎನ್, ಯಾರು ಎಷ್ಟು ಡೇಟಾ ಬಳಸಿದರು ಅಂತ ತೋರಿಸುವ ಎನ್‌ಎಲ್‌ಬಿಡಬ್ಲ್ಯುಮಾನ್, ಎಲ್ಲ ಹಿಡಿಸಿವೆ. "ಫೈಲ್ಸ್" ಅಂತ ಒಂದು ಫೋಲ್ಡರ್ ಮಾಡಿ ಅದರಲ್ಲಿ ನಮ್ಮ ಸೆಟ್ಟಿಂಗ್ ಇಟ್ಟರೆ ಅದೂ ಇಮೇಜ್ ಒಳಗೆ ಹೋಗುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೂ ರೌಟರ್ ನಮ್ಮ ಮನೆಯ ಹೆಸರಿನಲ್ಲೇ ಎದ್ದು ಬರುತ್ತದೆ. ಆದರೆ ಆ ಫೈಲನ್ನು ಯಾರಿಗೂ ಕೊಡಬೇಡಿ, ವೈಫೈ ಪಾಸ್‌ವರ್ಡ್ ಅದರಲ್ಲೇ ಇರುತ್ತದೆ.

ಎರಡನೇ ಮೆಟ್ಟಿಲು ಪೂರ್ತಿ ಸೋರ್ಸ್‌ನಿಂದ ಕಟ್ಟುವುದು. ಗಿಟ್‌ನಿಂದ ಕೋಡ್ ಇಳಿಸಿಕೊಂಡು, ಫೀಡ್ಸ್ (ಪ್ಯಾಕೇಜ್‌ಗಳ ಪಟ್ಟಿ) ಅಪ್‌ಡೇಟ್ ಮಾಡಿ, ಮೇಕ್ ಮೆನುಕಾನ್ಫಿಗ್ ಅನ್ನುವ ಆಯ್ಕೆಯ ಮೆನು ತೆರೆದರೆ ನೀಲಿ ಪರದೆ ಬರುತ್ತದೆ. ಚಿಪ್, ಮಾಡೆಲ್, ಪ್ಯಾಕೇಜ್ ಆರಿಸಿ ಮೇಕ್ ಅಂದರೆ ಮುಗಿಯಿತು ಅನ್ನಬೇಡಿ, ಅಲ್ಲಿಂದ ಶುರು. ಮೊದಲ ಸಲ ಕಂಪೈಲರ್ ಅನ್ನೇ ಅದು ಕಟ್ಟಿಕೊಳ್ಳುತ್ತದೆ. ನನ್ನ ಹಳೆ ಲ್ಯಾಪ್‌ಟಾಪ್ ರಾತ್ರಿ ಊಟಕ್ಕೆ ಮುಂಚೆ ಹಚ್ಚಿದರೆ ಬೆಳಗ್ಗೆ ಚಹಾ ಹೊತ್ತಿಗೆ ಮುಗಿಸುತ್ತದೆ. ಎರಡನೇ ಸಲದಿಂದ ಬದಲಾದ ಭಾಗ ಮಾತ್ರ, ಹಾಗಾಗಿ ಬೇಗ. ಡಿಸ್ಕ್‌ನಲ್ಲಿ ಧಾರಾಳ ಜಾಗ ಇಟ್ಟುಕೊಳ್ಳಿ. ತಪ್ಪು ಬಂದರೆ "make -j1 V=s" ಅಂತ, ಅಂದರೆ ಒಂದೊಂದೇ ಕೆಲಸ, ಪೂರ್ತಿ ವಿವರ ತೋರಿಸುವ ಹಾಗೆ ಮತ್ತೆ ಓಡಿಸಿ. ಇಲ್ಲದಿದ್ದರೆ ಅಸಲಿ ಎರರ್ ಸಾವಿರ ಸಾಲಿನ ನಡುವೆ ಹೂತುಹೋಗಿರುತ್ತದೆ.

ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇನಿಟ್‌ರ್ಯಾಮ್‌ಎಫ್‌ಎಸ್ ಇಮೇಜ್. ಪೂರ್ತಿ ಸಿಸ್ಟಂ ರ್ಯಾಮ್‌ನಲ್ಲೇ ಏಳುತ್ತದೆ, ಫ್ಲಾಶ್‌ಗೆ ಒಂದು ಬೈಟ್ ಕೂಡ ಬರೆಯುವುದಿಲ್ಲ. ಬೂಟ್‌ಲೋಡರ್‌ಗೆ (ಆನ್ ಮಾಡಿದಾಗ ಮೊದಲು ಏಳುವ ಪುಟ್ಟ ಪ್ರೋಗ್ರಾಂ) ಟಿಎಫ್‌ಟಿಪಿ ಅನ್ನುವ ಸರಳ ಫೈಲ್ ಕಳಿಸುವ ವಿಧಾನದ ಮೂಲಕ ಫೈಲ್ ಕೊಡಿ, ಪೋರ್ಟ್ ಸರಿಯಾಗಿ ಏಳುತ್ತಾ, ಎಲ್‌ಇಡಿ ಹತ್ತುತ್ತಾ, 5 ಗಿಗಾಹರ್ಟ್ಸ್ ಬರುತ್ತಾ ನೋಡಿ. ಇಷ್ಟವಾಗದಿದ್ದರೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ, ಹಳೆಯದೇ ಬರುತ್ತದೆ. ಹೊಸ ಮಾಡೆಲ್‌ಗೆ ಸಪೋರ್ಟ್ ಬರೆಯುವವರು ದಿನವಿಡೀ ಇದನ್ನೇ ಮಾಡುತ್ತಾರೆ. ಬೋರ್ಡ್‌ನಲ್ಲಿ ಏನೇನಿದೆ ಅಂತ ಹೇಳುವ ಡಿವೈಸ್ ಟ್ರೀ ಫೈಲ್‌ನಲ್ಲಿ ಒಂದು ಜಿಪಿಐಒ (ಚಿಪ್‌ನ ಪಿನ್) ನಂಬರ್ ಬದಲಿಸುವುದು, ಕಟ್ಟುವುದು, ರ್ಯಾಮ್‌ನಲ್ಲಿ ಏಳಿಸುವುದು, ಯಾವ ದೀಪ ಹತ್ತಿತು ನೋಡುವುದು.

ಇದಕ್ಕೆ ಸೀರಿಯಲ್ ಕೇಬಲ್ ಬೇಕು. ಯುಎಸ್‌ಬಿ-ಟಿಟಿಎಲ್ ಅಂತ ಕೇಳಿದರೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ರೌಟರ್ ಬಿಚ್ಚಿದರೆ ಬೋರ್ಡ್ ಮೇಲೆ ಸಾಲಾಗಿ ನಾಲ್ಕು ತೂತು ಅಥವಾ ಚುಕ್ಕೆ ಇರುತ್ತವೆ. ಗ್ರೌಂಡ್‌ಗೆ ಗ್ರೌಂಡ್, ಇತ್ತಲಿನ ಟಿಎಕ್ಸ್ (ಕಳಿಸುವ ತಂತಿ) ಅತ್ತಲಿನ ಆರ್‌ಎಕ್ಸ್‌ಗೆ (ಪಡೆಯುವ ತಂತಿ), ಅತ್ತಲಿನದು ಇತ್ತ. ನಾಲ್ಕನೆಯದು ಕರೆಂಟ್, ಅದನ್ನು ಮುಟ್ಟಲೇಬೇಡಿ. ಕೇಬಲ್ 3.3 ವೋಲ್ಟ್‌ನದೇ ಇರಬೇಕು, 5 ವೋಲ್ಟ್ ಹೋದರೆ ಚಿಪ್ ಸುಡುತ್ತದೆ. ಸ್ಪೀಡ್ ಸಾಮಾನ್ಯವಾಗಿ 115200. ಸ್ವಿಚ್ ಹಾಕಿದ ಕೂಡಲೇ ಪರದೆಯಲ್ಲಿ ಯು-ಬೂಟ್ ಅನ್ನುವ ಬೂಟ್‌ಲೋಡರ್‌ನ ಸಾಲುಗಳು ಓಡುತ್ತವೆ. ಸತ್ತಿದೆ ಅಂದುಕೊಂಡ ರೌಟರ್ ಮಾತಾಡುವುದನ್ನು ನೋಡುವ ಖುಷಿಯೇ ಬೇರೆ.

ಯಾವ ಪ್ರಯೋಗಕ್ಕೂ ಮುಂಚೆ ಒಂದು ಕೆಲಸ ಮಾಡಿ. ಫ್ಲಾಶ್‌ನ ಎಲ್ಲ ಭಾಗಗಳ ನಕಲು ತೆಗೆದು ಕಂಪ್ಯೂಟರ್‌ನಲ್ಲಿ ಇಡಿ. ಮೀಡಿಯಾಟೆಕ್‌ನಲ್ಲಿ "ಫ್ಯಾಕ್ಟರಿ" ಅಂತಲೂ ಅಥೆರಾಸ್‌ನಲ್ಲಿ "ಆರ್ಟ್" ಅಂತಲೂ ಒಂದು ಪುಟ್ಟ ಭಾಗ ಇರುತ್ತದೆ. ನಿಮ್ಮ ರೌಟರ್‌ನ ರೇಡಿಯೋವನ್ನು ಫ್ಯಾಕ್ಟರಿಯಲ್ಲಿ ಅಳೆದು ಬರೆದ ಲೆಕ್ಕ ಅದರಲ್ಲಿದೆ. ಅದು ಹೋದರೆ ಇಂಟರ್ನೆಟ್‌ನಲ್ಲಿ ಎಲ್ಲೂ ಸಿಗುವುದಿಲ್ಲ, ಯಾಕಂದ್ರೆ ಪ್ರತಿ ರೌಟರ್‌ಗೂ ಬೇರೆ. ಪಕ್ಕದವರ ನಕಲು ಹಾಕಿದರೆ ವೈಫೈ ಎದ್ದರೂ ಸೊರಗಿ ಏಳುತ್ತದೆ.

ಗುಳೇದಗುಡ್ಡದಲ್ಲಿ ನಮ್ಮ ಸೋದರಮಾವನ ಖಣದ ಅಂಗಡಿ ಇದೆ. ಅಲ್ಲಿಯೂ ಇದನ್ನೇ ಹಾಕಿದ್ದೇನೆ. ಬಿಲ್ಲಿಂಗ್ ಕಂಪ್ಯೂಟರ್ ಒಂದು ನೆಟ್‌ವರ್ಕ್‌ನಲ್ಲಿ, ಗಿರಾಕಿಗಳ ಮೊಬೈಲ್ ಇನ್ನೊಂದರಲ್ಲಿ, ಸಿಸಿ ಕ್ಯಾಮೆರಾ ಮೂರನೆಯದರಲ್ಲಿ. ಕ್ಯಾಮೆರಾಗಳಿಗೆ ಹೊರಗಿನ ನೆಟ್ ಬಂದ್. ಅಗ್ಗದ ಕ್ಯಾಮೆರಾಗಳು ಯಾರ ಜೊತೆ ಮಾತಾಡುತ್ತವೋ ಯಾರಿಗೆ ಗೊತ್ತು. ಮಾರನೇ ದಿನವೇ ಮಾಮಾ ಫೋನ್ ಮಾಡಿದರು. "ತಮ್ಮಾ, ನೀ ಏನ್ ಮಾಡಿ ಹೋದಿ? ಮನ್ಯಾಗ ಕುಂತ್ರ ಮೊಬೈಲಿನ್ಯಾಗ ಅಂಗಡಿ ಕಾಣವಲ್ದು." "ಮಾಮಾ, ಸೇಫ್ಟಿ ಸಲುವಾಗಿ ಬಂದ್ ಮಾಡೇನ್ರಿ." "ಸೇಫ್ಟಿ ಸಲುವಾಗೇ ಕ್ಯಾಮೆರಾ ಹಾಕ್ಸೇನೋ!" ಉತ್ತರ ಇರಲಿಲ್ಲ. ವೈರ್‌ಗಾರ್ಡ್ ಹಾಕಿ ಮನೆಯಿಂದ ನೇರ ಅಂಗಡಿಗೆ ದಾರಿ ಮಾಡೋಣ ಅಂದರೆ, ಅಲ್ಲಿಯ ಕನೆಕ್ಷನ್‌ನಲ್ಲಿ ಒಂದು ಐಪಿ ವಿಳಾಸವನ್ನು ಬಹಳ ಮನೆಗಳಿಗೆ ಹಂಚಿರುತ್ತಾರೆ, ಹೊರಗಿನಿಂದ ಬಾಗಿಲು ತಟ್ಟಲು ಆಗುವುದಿಲ್ಲ. ಕೊನೆಗೆ ಗಲ್ಲಾದ ಮೇಲಿನ ಒಂದು ಕ್ಯಾಮೆರಾಗೆ ಮಾತ್ರ ಹೊರಗಿನ ದಾರಿ ಬಿಟ್ಟೆ. ಉಳಿದವು ಒಳಗೇ ರೆಕಾರ್ಡ್ ಆಗುತ್ತವೆ. ಫೈರ್‌ವಾಲ್‌ನಲ್ಲಿ ಒಂದೇ ಒಂದು ಸಾಲು ಬರೆದು ಹೀಗೆ ಮಾಡಬಹುದು ಅನ್ನುವುದೇ ಇದರ ಹೆಚ್ಚುಗಾರಿಕೆ. ಕಂಪನಿ ಫರ್ಮ್‌ವೇರ್‌ನಲ್ಲಿ ಗೆಸ್ಟ್ ವೈಫೈ ಆನ್ ಅಥವಾ ಆಫ್, ಮುಗಿಯಿತು.

ಬೇಸರದ ವಿಷಯಗಳೂ ಇವೆ. 19.07ರಿಂದ 21.02ಕ್ಕೆ ಹೋಗುವಾಗ ಈ ಚಿಪ್‌ನಲ್ಲಿ ಲ್ಯಾನ್ ಪೋರ್ಟ್‌ಗಳನ್ನು ನೋಡಿಕೊಳ್ಳುವ ವಿಧಾನವೇ ಬದಲಾಯಿತು, ಡಿಎಸ್‌ಎ ಅನ್ನುವ ಹೊಸದು ಬಂತು. ಹಳೆ ಸೆಟ್ಟಿಂಗ್ ಒಯ್ಯುವ ಹಾಗಿಲ್ಲ, ಎಲ್ಲ ಹೊಸದಾಗಿ ಬರೆಯಬೇಕು. 22.03ರಲ್ಲಿ ಫೈರ್‌ವಾಲ್ ಐಪಿಟೇಬಲ್ಸ್ ಅನ್ನುವ ಹಳೆ ವ್ಯವಸ್ಥೆ ಬಿಟ್ಟು ಎನ್‌ಎಫ್‌ಟೇಬಲ್ಸ್ ಅನ್ನುವ ಹೊಸದಕ್ಕೆ ಹೋಯಿತು, ಕೈಯಲ್ಲಿ ಬರೆದ ನಿಯಮಗಳಿದ್ದವರು ಮತ್ತೆ ಬರೆದರು. ಅಭಿವೃದ್ಧಿ ಶಾಖೆಯಲ್ಲಿ 2024ರ ಕೊನೆಗೆ ಪ್ಯಾಕೇಜ್ ಹಾಕುವ ಒಪಿಕೆಜಿಯನ್ನೇ ತೆಗೆದು ಎಪಿಕೆ ತಂದರು. ಪ್ರತಿ ಬದಲಾವಣೆಗೂ ಕಾರಣ ಸರಿಯಾಗಿದೆ, ಒಪ್ಪುತ್ತೇನೆ. ಆದರೂ ಭಾನುವಾರ ನಮ್ಮದು ತಾನೆ ಹೋಗುವುದು?

ಇನ್ನೊಂದು ಸಂಗತಿ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿತು. ಅವರ ಸರ್ವರ್‌ಗೆ ಪಟ್ಟಿ ಕೊಟ್ಟರೆ ನಿಮ್ಮ ಪ್ಯಾಕೇಜ್‌ಗಳ ಸಮೇತ ಇಮೇಜ್ ಕಟ್ಟಿಕೊಡುವ ಸೇವೆ ಇದೆ, ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಅಂತ. ಬಹಳ ಅನುಕೂಲ. 2024ರ ಡಿಸೆಂಬರ್‌ನಲ್ಲಿ ಅದರಲ್ಲೇ ಗಂಭೀರ ದೋಷ ಸಿಕ್ಕಿತು. ಪ್ರತಿ ಮನವಿಯನ್ನು ಗುರುತಿಸಲು ಲೆಕ್ಕ ಹಾಕಿ ಕೊಡುವ ಹ್ಯಾಶ್ ಅನ್ನುವ ಗುರುತಿನ ಅಕ್ಷರಸಾಲನ್ನು 12 ಅಕ್ಷರಕ್ಕೆ ಕತ್ತರಿಸಿದ್ದರು. ಅಷ್ಟು ಚಿಕ್ಕದಾದರೆ ಅದೇ ಹ್ಯಾಶ್ ಬರುವ ಇನ್ನೊಂದು ಮನವಿಯನ್ನು ಹುಡುಕಬಹುದು, ಒಳ್ಳೆಯ ಇಮೇಜ್ ಜಾಗದಲ್ಲಿ ಕೆಟ್ಟದ್ದನ್ನು ಕೊಡಿಸಬಹುದು. ತಿಳಿಸಿದ ಕೆಲವೇ ಗಂಟೆಗಳಲ್ಲಿ ಸರಿ ಮಾಡಿ, ಏನಾಯಿತು ಅಂತ ಎಲ್ಲ ಬಿಚ್ಚಿ ಹೇಳಿದರು. ಆದರೆ ಅಂದಿನಿಂದ ನಾನು ಮನೆಯ ಇಮೇಜನ್ನು ಮನೆಯಲ್ಲೇ ಕಟ್ಟುತ್ತೇನೆ.

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ರೌಟರನ್ನು ಟಿವಿ ಹಿಂದಿನ ಕಪಾಟಿನಿಂದ ತೆಗೆದು ಗೋಡೆಗೆ ನೇತು ಹಾಕಿದೆ, 12 ವೋಲ್ಟ್‌ನ ಮಿನಿ ಯುಪಿಎಸ್ ಕೊಟ್ಟೆ. ಹ್ಯಾಂಗ್ ಆಗುವುದು ಪೂರ್ತಿ ನಿಂತಿದೆ. ಅದರಲ್ಲಿ ಫರ್ಮ್‌ವೇರ್ ಪಾಲು ಎಷ್ಟು, ಗಾಳಿಯ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳಲಾರೆ.

ಯಾರಿಗೆ ಬೇಡ? ಮನೆಯಲ್ಲಿ ಇದನ್ನು ನೋಡಿಕೊಳ್ಳುವವರು ನೀವೊಬ್ಬರೇ ಆಗಿದ್ದು, ತಿಂಗಳಲ್ಲಿ ಹದಿನೈದು ದಿನ ಊರಲ್ಲಿ ಇರುವುದಿಲ್ಲ ಅಂದರೆ ಬೇಡ. ಕೇಬಲ್‌ನ ಹುಡುಗ ಬಂದು ಲೂಸಿ ಅನ್ನುವ ಇದರ ಸೆಟ್ಟಿಂಗ್ ಪರದೆ ನೋಡಿದರೆ "ಇದು ನಮಗ ಗೊತ್ತಿಲ್ರಿ ಸರ್" ಅಂತ ಹೊರಟುಬಿಡುತ್ತಾನೆ, ಅವನದೂ ತಪ್ಪಲ್ಲ. ಫೈಬರ್ ಎಲ್ಲೋ ಕಡಿದು ನೆಟ್ ಹೋದಾಗಲೂ ಮನೆಯಾಕೆ ಕೇಳುವ ಮೊದಲ ಪ್ರಶ್ನೆ, "ರೀ, ಮತ್ತ ಅದಕ್ಕೇನರ ಮಾಡಾಕತ್ತೀರೇನು?" ಅದಕ್ಕೇ ಪಕ್ಕದಲ್ಲಿ ಕಂಪನಿ ಫರ್ಮ್‌ವೇರ್ ಇರುವ ಒಂದು ಹಳೆ ರೌಟರನ್ನು ಸೆಟ್ ಮಾಡಿ ಇಟ್ಟಿದ್ದೇನೆ. ನಾನಿಲ್ಲದಾಗ ಎರಡು ಕೇಬಲ್ ಕಿತ್ತು ಅದಕ್ಕೆ ಹಾಕಿದರೆ ಸಾಕು. ಯಾವ ಕೇಬಲ್ ಎಲ್ಲಿಗೆ ಅಂತ ಕೆಂಪು, ಹಸಿರು ಟೇಪ್ ಸುತ್ತಿದ್ದೇನೆ.

ಇಂಥದ್ದೇ ಬೇರೆ ಫರ್ಮ್‌ವೇರ್‌ಗಳಾದ ಡಿಡಿ-ಡಬ್ಲ್ಯುಆರ್‌ಟಿ ಮತ್ತು ಫ್ರೆಶ್‌ಟೊಮ್ಯಾಟೋ ಬಗ್ಗೆಯೂ ಕೇಳುತ್ತಾರೆ. ಫ್ರೆಶ್‌ಟೊಮ್ಯಾಟೋ ಬ್ರಾಡ್‌ಕಾಮ್ ರೌಟರ್‌ಗಳಿಗೆ, ನಿಮ್ಮ ಹತ್ತಿರ ಅಂಥದ್ದು ಇದ್ದರೆ ಅದೇ ದಾರಿ. ಡಿಡಿ-ಡಬ್ಲ್ಯುಆರ್‌ಟಿಯಲ್ಲಿ ಎಲ್ಲವೂ ಒಂದೇ ಇಮೇಜ್‌ನಲ್ಲಿ ತುಂಬಿ ಬರುತ್ತದೆ, ಕೂಡಿಸುವುದು ಕಳೆಯುವುದು ಕಡಿಮೆ. ಕಟ್ಟಿ ನೋಡುವ ಆಸೆ ಇರುವವರಿಗೆ ಓಪನ್‌ಡಬ್ಲ್ಯುಆರ್‌ಟಿಯೇ ಸರಿ.

ಐದಕ್ಕೆ ಎಷ್ಟು ಅಂದರೆ, ನನಗೆ ನಾಲ್ಕೂವರೆ. ಮಾಮಾನನ್ನು ಕೇಳಿದರೆ ಮೂರು ಕೊಟ್ಟಾರು.

ಮುಂದಿನ ರೌಟರ್ ಬಗ್ಗೆ. ಯೋಜನೆಯವರೇ ಬೋರ್ಡ್ ತಯಾರಿಸುವ ಬನಾನಾ ಪೈ ಜೊತೆ ಸೇರಿ 2024ರ ಕೊನೆಗೆ ಓಪನ್‌ಡಬ್ಲ್ಯುಆರ್‌ಟಿ ವನ್ ಅನ್ನುವ ಯಂತ್ರ ತಂದಿದ್ದಾರೆ. ಮೀಡಿಯಾಟೆಕ್ ಫಿಲೋಜಿಕ್ 820 ಚಿಪ್, 1 ಜಿಬಿ ರ್ಯಾಮ್, ಒಂದು 2.5 ಗಿಗಾಬಿಟ್ ಪೋರ್ಟ್, ಒಂದು 1 ಗಿಗಾಬಿಟ್ ಪೋರ್ಟ್. ಎರಡು ಬೇರೆ ಬೇರೆ ಫ್ಲಾಶ್ ಇರುವುದರಿಂದ ಒಂದನ್ನು ಕೆಡಿಸಿದರೂ ಇನ್ನೊಂದರಿಂದ ಏಳಿಸಬಹುದು. ಆಸೆ ಏನೋ ಇದೆ. ಆದರೆ ನಮ್ಮ ಮನೆಗೆ ಲ್ಯಾನ್ ಪೋರ್ಟ್ ಒಂದೇ ಆದರೆ ಸಾಲದು, ಜೊತೆಗೆ ಸ್ವಿಚ್ ತರಬೇಕು, ಗೋಡೆಗೆ ಇನ್ನೊಂದು ಅಡಾಪ್ಟರ್ ಬೇಕು. ಅದೇ ಫಿಲೋಜಿಕ್ ಚಿಪ್ ಇರುವ ಮಾಮೂಲಿ ರೌಟರ್ ನಾಲ್ಕು ಪೋರ್ಟ್ ಸಮೇತ ಸಿಕ್ಕರೆ ಅದನ್ನೇ ತಗೋತೀನಿ. ಈಗಿನದು ಮೇಲಿನ ಮಹಡಿಗೆ ಹೋಗುತ್ತದೆ. ಅಲ್ಲಿಗೆ ಕೇಬಲ್ ಎಳೆಯಲು ಜಿನೆಯ ಗೋಡೆಗೆ ತೂತು ಹೊಡೆಯಬೇಕು, ಅದಕ್ಕೆ ತಂಗಿ ಇನ್ನೂ ಒಪ್ಪಿಲ್ಲ.